ಲಾರಿಯ ಮಸಿಗೆ ಲೆಕ್ಕ ಇಟ್ಟ ಬಡಾವಣೆ

ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಬಂದರಿನ ಕಂಟೇನರ್ ಲಾರಿಗಳು ಸೆವೆಂತ್ ಸ್ಟ್ರೀಟ್ ರಸ್ತೆಯಲ್ಲಿ ಒಂದು ಮೇಲ್ಸೇತುವೆಯ ಅಡಿಯಲ್ಲಿ ಹಾದುಹೋಗುತ್ತವೆ. ಅಲ್ಲಿನ ದೊಡ್ಡ ಲಾರಿಗಳಿಗೆ ಹೊಗೆಕೊಳವೆ ಇರುವುದು ಚಾಲಕನ ಕ್ಯಾಬಿನ್ನಿನ ಹಿಂದೆ, ಮೇಲ್ಮುಖವಾಗಿ. 2009ರಲ್ಲಿ ಬರ್ಕ್ಲಿಯ ವಿಜ್ಞಾನಿಗಳು ಆ ಸೇತುವೆಯ ಮೇಲೆ ವ್ಯಾನ್ ನಿಲ್ಲಿಸಿ, ಉಪಕರಣಗಳಿಗೆ ಜೋಡಿಸಿದ ಕೊಳವೆಯೊಂದನ್ನು ರಸ್ತೆಯ ಕಡೆಗೆ ಇಳಿಬಿಟ್ಟರು. ಲಾರಿ ಕೆಳಗೆ ಹಾದಾಗಲೆಲ್ಲ ಅದರ ಹೊಗೆ ಒಂದಿಷ್ಟು ಕೊಳವೆಯೊಳಗೆ ಬರುತ್ತಿತ್ತು. ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟು, ಮಸಿ ಎಷ್ಟು ಎಂದು ಅಳೆದರೆ ಸಾಕು. ಒಂದು ಕಿಲೋ ಡೀಸೆಲ್ ಉರಿಸಿದಾಗ ಆ ಲಾರಿ ಎಷ್ಟು ಮಸಿ ಉಗುಳುತ್ತದೆ ಎಂಬ ಲೆಕ್ಕ ಸಿಕ್ಕಿಬಿಡುತ್ತದೆ. ಯಾವ ಲಾರಿಯನ್ನೂ ತಡೆದು ನಿಲ್ಲಿಸಬೇಕಿಲ್ಲ.

ಬಂದರಿಗೆ ಬರುವ ಹಳೆಯ ಲಾರಿಗಳನ್ನು ನಿಷೇಧಿಸುವ, ಉಳಿದವಕ್ಕೆ ಮಸಿ ತಡೆಯುವ ಫಿಲ್ಟರ್ ಕಡ್ಡಾಯ ಮಾಡುವ ರಾಜ್ಯದ ನಿಯಮ 2010ರಿಂದ ಜಾರಿಗೆ ಬಂತು. ಅಳತೆ ಮತ್ತೆ ಮತ್ತೆ ನಡೆಯಿತು. 2009ರಲ್ಲಿ ನೂರಕ್ಕೆ 2 ಲಾರಿಗಳಲ್ಲಿದ್ದ ಫಿಲ್ಟರ್ 2013ರ ಹೊತ್ತಿಗೆ 99ರಲ್ಲಿತ್ತು. ಲಾರಿಗಳು ಉಗುಳುವ ಮಸಿ ಸರಾಸರಿ ಶೇ 76ರಷ್ಟು, ನೈಟ್ರೋಜನ್ ಆಕ್ಸೈಡ್‌ಗಳು ಶೇ 53ರಷ್ಟು ಇಳಿದಿದ್ದವು. ನಾಲ್ಕೇ ವರ್ಷಗಳಲ್ಲಿ ಇಷ್ಟು ಬದಲಾವಣೆ! ಗಾಳಿ ಕೆಟ್ಟದ್ದು ಕೆಟ್ಟೇ ಹೋಯಿತು, ಇನ್ನೇನೂ ಮಾಡಲಾಗದು ಎಂದು ಕೈಚೆಲ್ಲುವವರಿಗೆ ನಾನು ಮೊದಲು ಹೇಳುವುದು ಈ ಅಂಕಿಗಳನ್ನೇ.

ಆದರೆ ಹೊಗೆಯ ಮಾತು ಅಲ್ಲಿ ಶುರುವಾದದ್ದು ಸೇತುವೆಯ ಮೇಲಲ್ಲ, ಬಂದರಿಗೆ ಅಂಟಿಕೊಂಡಿರುವ ವೆಸ್ಟ್ ಓಕ್ಲೆಂಡ್ ಬಡಾವಣೆಯ ಮನೆಗಳಲ್ಲಿ. ಒಂದು ಬದಿಗೆ ಬಂದರು ಮತ್ತು ರೈಲ್ವೆ ಯಾರ್ಡ್, ಉಳಿದ ಕಡೆ ಹೆದ್ದಾರಿಗಳು. ತಲೆಮಾರುಗಳಿಂದ ಅಲ್ಲಿ ನೆಲೆಸಿದವರಲ್ಲಿ ಕಪ್ಪು ಜನಾಂಗದ ದುಡಿಯುವ ಕುಟುಂಬಗಳೇ ಹೆಚ್ಚು. 1950ರ ದಶಕದಲ್ಲಿ ಬಡಾವಣೆಯ ನಟ್ಟನಡುವೆ ಸೈಪ್ರೆಸ್ ಎಂಬ ಎರಡಂತಸ್ತಿನ ಹೆದ್ದಾರಿ ಎದ್ದಿತ್ತು. 1989ರ ಅಕ್ಟೋಬರ್ 17ರ ಭೂಕಂಪದಲ್ಲಿ ಅದು ಕುಸಿದು 42 ಜನ ಸತ್ತರು. ಅದೇ ಜಾಗದಲ್ಲಿ ಮತ್ತೆ ಹೆದ್ದಾರಿ ಬೇಡವೆಂದು ನಿವಾಸಿಗಳು ಪಟ್ಟು ಹಿಡಿದರು. ಹೊಸ ಹೆದ್ದಾರಿ ಬಂದರಿನ ಅಂಚಿಗೆ ಸರಿಯಿತು, ಹಳೆಯ ಜಾಗ ಮಂಡೇಲಾ ಪಾರ್ಕ್‌ವೇ ಎಂಬ ಗಿಡಮರಗಳ ಸಾಲುಳ್ಳ ರಸ್ತೆಯಾಯಿತು.

ಹೆದ್ದಾರಿ ಸರಿದರೂ ಲಾರಿಗಳು ತಪ್ಪಲಿಲ್ಲ. ಮಕ್ಕಳ ಉಬ್ಬಸವೂ ತಪ್ಪಲಿಲ್ಲ. ಆಗ ಮಾರ್ಗರೆಟ್ ಗಾರ್ಡನ್ ಮೊದಲಾದ ನಿವಾಸಿಗಳು ಪೆಸಿಫಿಕ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ತಮ್ಮ ಕೇರಿಯ ಪರಿಸರದ ಅಂಕಿಅಂಶಗಳನ್ನು ತಾವೇ ಕಲೆಹಾಕತೊಡಗಿದರು. ಬೀದಿಬದಿಯಲ್ಲಿ ನಿಂತು ಲಾರಿಗಳನ್ನು ಎಣಿಸಿದರು. ಯಾವ ಲಾರಿ ಯಾವ ಬೀದಿಗೆ ನುಗ್ಗುತ್ತದೆ, ಸರದಿಗೆ ಕಾಯುತ್ತಾ ಎಲ್ಲಿ ಎಂಜಿನ್ ಆರಿಸದೆ ನಿಂತಿರುತ್ತದೆ ಎಂದು ಬರೆದಿಟ್ಟರು. 2003ರಲ್ಲಿ ಅವರ ಡೀಸೆಲ್ ಹೊಗೆಯ ವರದಿ ಹೊರಬಂತು. ‘ನಮ್ಮಲ್ಲಿ ಹೊಗೆ ಜಾಸ್ತಿ’ ಎಂಬ ದೂರನ್ನು ಅಧಿಕಾರಿಗಳು ತಳ್ಳಿಹಾಕಬಹುದು. ದಿನಾಂಕ, ಬೀದಿ, ಲಾರಿಗಳ ಸಂಖ್ಯೆ ಇರುವ ಕಾಗದವನ್ನು ತಳ್ಳಿಹಾಕುವುದು ಕಷ್ಟ. 2007ರಲ್ಲಿ ಗಾರ್ಡನ್ ಅವರು ಬಂದರಿನ ಆಡಳಿತ ಮಂಡಳಿಯ ಸದಸ್ಯೆಯೇ ಆದರು.

ಇಲ್ಲಿ ವಿಜ್ಞಾನದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಾವು ಸಾಮಾನ್ಯವಾಗಿ ಕೇಳುವ ಪಿಎಂ 2.5, ಅಂದರೆ 2.5 ಮೈಕ್ರಾನ್‌ಗಿಂತ ಚಿಕ್ಕ ಕಣಗಳ ಪ್ರಮಾಣ, ಒಂದು ಊರಿನೊಳಗೆ ತಕ್ಕಮಟ್ಟಿಗೆ ಒಂದೇ ತೆರನಾಗಿರುತ್ತದೆ. ಅದರಲ್ಲಿ ದೊಡ್ಡ ಪಾಲು ದೂರದಿಂದ ತೇಲಿ ಬಂದದ್ದು, ಅನಿಲಗಳಿಂದ ಗಾಳಿಯಲ್ಲೇ ಹುಟ್ಟಿದ್ದು. ಆದ್ದರಿಂದಲೇ ಅದನ್ನು ತಗ್ಗಿಸುವುದು ಒಂದೊಂದು ನಗರಸಭೆಯ ಕೈಲಾಗುವ ಕೆಲಸವಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಹಲವು ಕೌಂಟಿಗಳಿಗೆ ಸೇರಿ ಒಂದೇ ವಾಯು ನಿಯಂತ್ರಣ ಮಂಡಳಿ 1955ರಲ್ಲೇ ಹುಟ್ಟಿಕೊಂಡಿತು. ಡೀಸೆಲ್ ಎಂಜಿನ್ನಿನ ಮಸಿಯ, ವಿಜ್ಞಾನಿಗಳು ಕಪ್ಪು ಇಂಗಾಲ ಎನ್ನುವುದರ, ಸ್ವಭಾವವೇ ಬೇರೆ. ಹುಟ್ಟಿದ ಜಾಗದಲ್ಲಿ ದಟ್ಟವಾಗಿದ್ದು, ರಸ್ತೆಯಿಂದ ಕೆಲವು ನೂರು ಮೀಟರ್ ದೂರ ಹೋಗುವಷ್ಟರಲ್ಲಿ ತೆಳುವಾಗುತ್ತದೆ. ಊರಿಗೊಂದು ಮಾಪನ ಕೇಂದ್ರವಿದ್ದರೆ ಅದರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಘೋಷಿಸಿದೆ ಎಂಬುದನ್ನು ನೆನೆದರೆ, ಕಾಣದೆ ಹೋಗುವ ಈ ಮಸಿ ಯಾರ ಪಾಲಿಗೆ ಬರುತ್ತದೆ ಎಂಬ ಪ್ರಶ್ನೆ ಕಾಡುತ್ತದೆ.

ಉತ್ತರ ಕಂಡುಕೊಳ್ಳಲು ಎರಡು ಪ್ರಯೋಗಗಳಾದವು. ಗೂಗಲ್ ನಕ್ಷೆಗಾಗಿ ಬೀದಿಗಳ ಚಿತ್ರ ತೆಗೆಯುವ ಎರಡು ಕಾರುಗಳಿಗೆ ಉಪಕರಣ ಕೂರಿಸಿ, ಓಕ್ಲೆಂಡ್‌ನ ಬೀದಿಗಳಲ್ಲಿ ಒಂದು ವರ್ಷ ಕಾಲ ಮತ್ತೆ ಮತ್ತೆ ಓಡಿಸಿದರು. ವಿಜ್ಞಾನಿ ಜೋಶುವಾ ಆಪ್ಟೆ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಒಂದೇ ಬೀದಿಯ ಈ ತುದಿಗೂ ಆ ತುದಿಗೂ ಮಾಲಿನ್ಯದಲ್ಲಿ ಐದರಿಂದ ಎಂಟು ಪಟ್ಟು ವ್ಯತ್ಯಾಸ ಇರಬಲ್ಲದು, ಅದೂ ವರ್ಷವಿಡೀ. ಅದೇ ವರ್ಷ ನಡೆದ ಇನ್ನೊಂದು ಪ್ರಯೋಗ ನನಗೆ ಇನ್ನೂ ಹಿಡಿಸಿದ್ದು. ನೂರು ಚಿಕ್ಕ ಉಪಕರಣಗಳನ್ನು ವೆಸ್ಟ್ ಓಕ್ಲೆಂಡ್‌ನ ಮನೆ, ಅಂಗಡಿಗಳ ಹೊರಗೆ ನೂರು ದಿನ ತೂಗುಹಾಕಿದರು. ಉಪಕರಣ ಸರಳವಾದದ್ದು. ಚಿಕ್ಕ ಪಂಪು ಗಾಳಿಯನ್ನು ಬಿಳಿ ಫಿಲ್ಟರ್ ಒಂದರ ಮೂಲಕ ಎಳೆಯುತ್ತದೆ, ಮಸಿ ಅಲ್ಲೇ ಉಳಿಯುತ್ತದೆ. ಫಿಲ್ಟರ್ ಕಪ್ಪಾದಂತೆ ಅದರ ಮೂಲಕ ಹಾಯುವ ಬೆಳಕು ಕುಂದುತ್ತದೆ. ಆ ಕುಂದುವಿಕೆಯೇ ಅಳತೆ. ಇಲ್ಲೂ ನೂರು ಮೀಟರ್ ಆಚೀಚೆ, ಒಂದು ಗಂಟೆ ಹಿಂದುಮುಂದು ಆಗುವಷ್ಟರಲ್ಲಿ ಅಂಕಿ ಏರುಪೇರಾಗುತ್ತಿತ್ತು. ಯಂತ್ರ ತಮ್ಮದೇ ಗೋಡೆಗೆ ನೇತಾಡುತ್ತಿದ್ದುದರಿಂದ ಆ ಅಂಕಿ ಮನೆಯವರದ್ದೂ ಆಯಿತು.

2017ರಲ್ಲೇ ಕ್ಯಾಲಿಫೋರ್ನಿಯಾ ಹೊಸ ಕಾನೂನು ಮಾಡಿ, ಮಾಲಿನ್ಯದ ಹೊರೆ ಹೆಚ್ಚಿರುವ ಬಡಾವಣೆಗಳ ನಿವಾಸಿಗಳನ್ನೂ ಕೂರಿಸಿಕೊಂಡೇ ಯೋಜನೆ ರೂಪಿಸಬೇಕೆಂದಿತು. ಮೊದಲ ವರ್ಷ ಆಯ್ಕೆಯಾದ 10 ಪ್ರದೇಶಗಳಲ್ಲಿ ವೆಸ್ಟ್ ಓಕ್ಲೆಂಡ್ ಒಂದು. ಗಾರ್ಡನ್ ಅವರ ನಿವಾಸಿ ಸಂಘಟನೆ ಮತ್ತು ವಾಯು ಮಂಡಳಿ ಸರಿಸಮನಾಗಿ ಕೂತು ಬರೆದ ಯೋಜನೆ 2019ರಲ್ಲಿ ಅಂಗೀಕಾರವಾಯಿತು. ಅದರ ಗುರಿ ಇಟ್ಟ ರೀತಿ ನೋಡಿ. ಊರಿನ ಸರಾಸರಿ ಇಷ್ಟು ಇಳಿಯಬೇಕು ಎನ್ನುವುದಿಲ್ಲ. 2025ಕ್ಕೆ ಅತಿ ಹೆಚ್ಚು ಹೊಗೆ ಕುಡಿಯುವ ಓಣಿಯೂ ಬಡಾವಣೆಯ ಅಂದಿನ ಸರಾಸರಿ ಮಟ್ಟಕ್ಕೆ ಬರಬೇಕು, 2030ಕ್ಕೆ ಅಂದಿನ ಅತಿ ಸ್ವಚ್ಛ ಓಣಿಯ ಮಟ್ಟಕ್ಕೆ. ಸರಾಸರಿ ತಗ್ಗಿಸುವುದು ಸುಲಭ. ಕಷ್ಟಪಡುವವರ ಪಾಲನ್ನು ತಗ್ಗಿಸುವುದೇ ನಿಜವಾದ ಕೆಲಸ. ನಿವಾಸಿಗಳು ಮೇಜಿನ ಬಳಿ ಇರದಿದ್ದರೆ ಇಂಥ ಗುರಿ ಬರೆಯಲು ಯಾರಿಗೂ ತೋಚುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ನಮ್ಮಲ್ಲಿ 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಇವೆ. ಅದರ ಗುರಿ ಇರುವುದು ಇಡೀ ನಗರದ ಲೆಕ್ಕದಲ್ಲಿ. ಬೀದಿಬೀದಿಯ ಅಳತೆ ನಮಗೆ ಹೊಸದಲ್ಲ. ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಾದ ಸಿ-ಸ್ಟೆಪ್ ಮತ್ತು ಇಲ್ಕ್ ಲ್ಯಾಬ್ಸ್‌ನವರು ಇದೇ ಆಪ್ಟೆ ಅವರ ಜೊತೆಗೂಡಿ ಮಲ್ಲೇಶ್ವರದ ರಸ್ತೆಗಳಲ್ಲಿ ಉಪಕರಣ ಕಟ್ಟಿದ ಕಾರು ಓಡಿಸಿ ಇಂಥದೇ ನಕ್ಷೆ ತಯಾರಿಸಿದ್ದಾರೆ. ನಮ್ಮಲ್ಲಿ ಇನ್ನೂ ಆಗಬೇಕಿರುವುದು ಅಂಥ ಅಳತೆ ಲಾರಿ ನಿಲ್ದಾಣದ ಪಕ್ಕದ ಕೇರಿಗೂ ಬರುವುದು, ಆ ಕೇರಿಯವರ ಕೈಗೂ ಸಿಗುವುದು.

ಅದಕ್ಕೆ ಕಾಯುತ್ತಾ ಕೂರಬೇಕಿಲ್ಲ. ನಿಮ್ಮ ಬೀದಿಯ ಮೂಲೆಯಲ್ಲಿ ಕಸ ಸುಡುತ್ತಿದ್ದರೆ, ಶಾಲೆಯ ಗೇಟಿನ ಎದುರು ಲಾರಿಗಳು ಎಂಜಿನ್ ಆರಿಸದೆ ನಿಲ್ಲುತ್ತಿದ್ದರೆ, ಒಂದು ವಾರ ಹೊತ್ತು, ಜಾಗ, ಸಂಖ್ಯೆ ಬರೆದಿಡಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಿ. ಆಮೇಲೆ ನೆರೆಯವರನ್ನು ಕರೆದುಕೊಂಡು ಆ ಹಾಳೆಯೊಂದಿಗೆ ವಾರ್ಡ್ ಸಭೆಗೆ ಹೋಗಿ.