ಕೂಳೆ ಗದ್ದೆಯ ಕಾಣದ ಬೆಳಕು

ಮಂಡ್ಯದ ನಾಲೆ ಬಯಲಿನಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಉಳಿಯುವುದು ಒಣಗಿದ ಕೂಳೆ, ಹುಲ್ಲಿನ ಬಣವೆ, ಬದುವಿನ ಗರಿಕೆ, ಅಂಚಿನಲ್ಲೊಂದಷ್ಟು ತೆಂಗು, ಹೊಂಗೆ. ಸಾಮಾನ್ಯ ಕಪ್ಪು-ಬಿಳುಪು ಚಿತ್ರದಲ್ಲಿ ಕೂಳೆ ಬೆಳ್ಳಗೆ, ಮರಗಳು ಕಪ್ಪಗೆ ಕಾಣುತ್ತವೆ. ಅದೇ ನೋಟವನ್ನು ಇನ್‌ಫ್ರಾರೆಡ್, ಅಂದರೆ ಅವಕೆಂಪು ಬೆಳಕಿನಲ್ಲಿ ಸೆರೆಹಿಡಿದರೆ ಎಲ್ಲ ತಲೆಕೆಳಗು. ಹೊಂಗೆಯೂ ಗರಿಕೆಯೂ ಬಿಳಿಯಾಗಿ ಹೊಳೆಯುತ್ತವೆ, ಅವುಗಳೆದುರು ಕೂಳೆ ಮಂಕಾಗುತ್ತದೆ, ನೀಲಿ ಆಕಾಶ ಕಪ್ಪಾಗುತ್ತದೆ.

ಇದು ಬಿಸಿಯ ಚಿತ್ರ ಎಂದುಕೊಳ್ಳುವವರು ಬಹಳ. ಹಾಗಲ್ಲ. ನಮ್ಮ ಕಣ್ಣಿಗೆ ಎಟಕುವುದು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕು. ಅದರಾಚೆಗೂ ಬಿಸಿಲಿನಲ್ಲಿ ಏನೋ ಇದೆಯೆಂದು 1800ರಲ್ಲಿ ಖಗೋಳವಿಜ್ಞಾನಿ ವಿಲಿಯಂ ಹರ್ಷೆಲ್ ಪಟ್ಟಕ ಮತ್ತು ಥರ್ಮಾಮೀಟರ್ ಬಳಸಿ ತೋರಿಸಿದ. ಈ ಚಿತ್ರಗಳಿಗೆ ಬೇಕಾದದ್ದು 700ರಿಂದ 1000 ನ್ಯಾನೋಮೀಟರ್‌ವರೆಗಿನ, ವಸ್ತುಗಳ ಮೇಲೆ ಬಿದ್ದು ಮರಳುವ ಬಿಸಿಲು. ನೆಲವೂ ನಮ್ಮ ಮೈಯೂ ಸೂಸುವ ಶಾಖ 10,000 ನ್ಯಾನೋಮೀಟರ್ ಆಸುಪಾಸಿನದು. ಅದನ್ನು ಹಿಡಿಯುವ ಕ್ಯಾಮೆರಾಗಳೇ ಬೇರೆ.

ಎಲೆ ಬೆಳ್ಳಗಾಗುವುದಕ್ಕೆ ಕಾರಣ ಅದರ ಒಳರಚನೆ. ಪತ್ರಹರಿತ್ತು ನೀಲಿ, ಕೆಂಪು ಬೆಳಕನ್ನು ಹೀರಿ ಆಹಾರ ತಯಾರಿಸುತ್ತದೆ. 700 ನ್ಯಾನೋಮೀಟರ್ ದಾಟಿದ ಬೆಳಕು ಅದಕ್ಕೆ ಬೇಡ. ಎಲೆಯೊಳಗೆ ನೀರು ತುಂಬಿದ ಕೋಶಗಳ ನಡುವೆ ಗಾಳಿಯ ಸಂದುಗಳಿವೆ. ಒಳಹೊಕ್ಕ ಬೆಳಕು ನೀರು-ಗಾಳಿಯ ಆ ಅಂಚುಗಳಲ್ಲಿ ಮತ್ತೆ ಮತ್ತೆ ಚದುರಿ, ಸುಮಾರು ಅರ್ಧದಷ್ಟು ಹೊರಕ್ಕೇ ಬರುತ್ತದೆ. ತಿಳಿನೀರು ನೊರೆಯಾದಾಗ ಬೆಳ್ಳಗಾಗುವುದೂ ಇದೇ ರೀತಿ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1910ರಲ್ಲಿ ಇಂಥ ಚಿತ್ರಗಳನ್ನು ಪ್ರಕಟಿಸಿದ್ದರಿಂದ ಇದಕ್ಕೆ ‘ವುಡ್ ಪರಿಣಾಮ’ ಎಂದು ಹೆಸರು.

ಒಣಹುಲ್ಲಿನಲ್ಲಿ ಪತ್ರಹರಿತ್ತು ಇಲ್ಲ. ಹಾಗಾಗಿ ಅದು ಕೆಂಪನ್ನೂ ಮರಳಿಸುತ್ತದೆ, ಅವಕೆಂಪನ್ನೂ ಮರಳಿಸುತ್ತದೆ. ಹಸಿರೆಲೆಯಲ್ಲಿ ಕಾಣುವ ದಿಢೀರ್ ಜಿಗಿತ ಇಲ್ಲಿಲ್ಲ. ಮಣ್ಣಿನದೂ ಇದೇ ನಡೆ, ಪಸೆ ಇದ್ದರೆ ಇನ್ನಷ್ಟು ಕಪ್ಪು. ತೇವ ಉಳಿದ ಗದ್ದೆಯಲ್ಲಿ ಕೂಳೆ ಮತ್ತೆ ಚಿಗುರಿದರೆ ಆ ಚಿಗುರು ಮಾತ್ರ ಮಂಕು ಹಿನ್ನೆಲೆಯಿಂದ ಎದ್ದು ಕಾಣುತ್ತದೆ. ನಾಲೆಯ ನೀರು ಅವಕೆಂಪನ್ನು ಹೀರುವುದರಿಂದ ಕಪ್ಪಾಗುತ್ತದೆ. ಆಕಾಶದ ಕಪ್ಪಿಗೆ ಬೇರೆ ಕಾರಣವಿದೆ: ಗಾಳಿಯ ಅಣುಗಳು ಬೆಳಕನ್ನು ಚದುರಿಸುವ ಪ್ರಮಾಣ ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮ. 400ಕ್ಕೆ ಹೋಲಿಸಿದರೆ 800 ನ್ಯಾನೋಮೀಟರ್ ಬೆಳಕು ಚದುರುವುದು ಹದಿನಾರನೇ ಒಂದು ಪಾಲು. ಮೋಡದ ಹನಿಗಳು ದೊಡ್ಡವು. ಎಲ್ಲ ಬೆಳಕನ್ನೂ ಒಂದೇ ಸಮ ಚದುರಿಸಿ ಬಿಳಿಯಾಗಿಯೇ ಉಳಿಯುತ್ತವೆ.

ಡಿಜಿಟಲ್ ಕ್ಯಾಮೆರಾದ ಸಿಲಿಕಾನ್ ಸೆನ್ಸರ್ ಸುಮಾರು 1100 ನ್ಯಾನೋಮೀಟರ್‌ವರೆಗೆ ಗ್ರಹಿಸಬಲ್ಲದು. ಬಣ್ಣ ಕೆಡದಿರಲಿ ಎಂದು ತಯಾರಕರು ಅದರ ಮುಂದೆ ಅವಕೆಂಪು ತಡೆಯುವ ಗಾಜು ಕೂರಿಸಿರುತ್ತಾರೆ. ತಡೆ ಅಪೂರ್ಣ. ಟಿವಿ ರಿಮೋಟಿನ ಗುಂಡಿ ಒತ್ತಿ ಅದರ ಮೂತಿಯನ್ನು ಕ್ಯಾಮೆರಾದಲ್ಲಿ ನೋಡಿ, ಮಿನುಗು ಕಂಡರೆ ನಿಮ್ಮದು ಪ್ರಯೋಗಕ್ಕೆ ಯೋಗ್ಯ. 720 ನ್ಯಾನೋಮೀಟರ್‌ಗಿಂತ ಕೆಳಗಿನದನ್ನು ತಡೆಯುವ ಫಿಲ್ಟರ್, ಟ್ರೈಪಾಡ್, ಕೆಲವು ಸೆಕೆಂಡುಗಳ ಎಕ್ಸ್‌ಪೋಷರ್ ಇದ್ದರೆ ಸಾಕು. ಛಾಯಾಗ್ರಾಹಕರು ದೂರವಿಡುವ ಮಟಮಟ ಮಧ್ಯಾಹ್ನ ಇಲ್ಲಿ ಒಳ್ಳೆಯ ಹೊತ್ತು. ಗಾಳಿ ಬೀಸಿದರೆ ಮಾತ್ರ ತೆಂಗಿನ ಗರಿ ಕಲಸಿಹೋಗುತ್ತದೆ.

ಹಸಿರೆಲೆ ಕೆಂಪನ್ನು ಹೀರಿ ಅವಕೆಂಪನ್ನು ಮರಳಿಸುವ ಈ ವ್ಯತ್ಯಾಸವನ್ನು ಉಪಗ್ರಹಗಳು ಅಂಕಿಗಿಳಿಸುತ್ತವೆ. ಅವಕೆಂಪಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಹಸಿರಿನ ಸೂಚ್ಯಂಕ ಸಿಗುತ್ತದೆ. 1988ರಲ್ಲಿ ಹಾರಿದ ಭಾರತದ ಐಆರ್‌ಎಸ್-1ಎ ಉಪಗ್ರಹದಲ್ಲೂ ಈ ಎರಡು ಪಟ್ಟಿಗಳಿದ್ದವು. ಕೊಯ್ಲಾದ ಕೂಡಲೇ ಸೂಚ್ಯಂಕ ಕುಸಿಯುತ್ತದೆ. ಆದರೆ ಗದ್ದೆಯಲ್ಲಿ ಉಳಿದದ್ದು ಒಣಹುಲ್ಲೋ ಬರಿ ಮಣ್ಣೋ ಎಂದು ಹೇಳಲು ಈ ಲೆಕ್ಕ ಸಾಲದು. ಹುಲ್ಲಿನ ಸೆಲ್ಯುಲೋಸ್ ತನ್ನ ಗುರುತು ಬಿಡುವುದು 2100 ನ್ಯಾನೋಮೀಟರ್ ಹತ್ತಿರ; ಸಿಲಿಕಾನ್ ಸೆನ್ಸರ್ ಅಲ್ಲಿಯವರೆಗೆ ಹೋಗಲಾರದು. ಹಸಿರನ್ನೂ ಒಣಗಿದ್ದನ್ನೂ ಬೇರ್ಪಡಿಸುವುದು ನಮ್ಮ ಕ್ಯಾಮೆರಾಕ್ಕೆ ಸಾಧ್ಯ. ಒಣಗಿದ್ದರಲ್ಲಿ ಯಾವುದು ಹುಲ್ಲು, ಯಾವುದು ಮಣ್ಣು ಎಂದು ತಿಳಿಯಲು ಬೇರೆ ಅರೆವಾಹಕಗಳಿಂದಾದ ಸೆನ್ಸರ್ ಬೇಕು.