ತಿಪ್ಪೆಯಿಂದ ಡಬ್ಬಿಗೆ: ಅಡುಗೆಮನೆಯ ಕಸದ ಚಾರಿತ್ರಿಕ ವಿವೇಚನೆ

ಪ್ರಾಚೀನ ಜನರು ಬಿಟ್ಟುಹೋದ ಕಸದ ರಾಶಿಗಳಿಂದಲೇ ಅವರ ಆಹಾರ ವಿಹಾರಗಳನ್ನು ಅರಿಯುವ ಇತಿಹಾಸದ ವಿದ್ಯಾರ್ಥಿಗೆ ಕಸವೆಂಬುದು ತುಚ್ಛ ವಸ್ತುವಲ್ಲ. ಆದರೆ ಒಂದು ಸಮಾಜವು ತನ್ನ ಕಸವನ್ನು ಎಲ್ಲಿಡುತ್ತದೆ, ಯಾರ ಕೈಗೆ ಒಪ್ಪಿಸುತ್ತದೆ ಎಂಬ ಪ್ರಶ್ನೆಯನ್ನು ನಾವು ಎತ್ತುವುದು ವಿರಳ. ಇಂದು ನಗರದ ಮನೆಗಳಲ್ಲಿ ಬಳಕೆಗೆ ಬರುತ್ತಿರುವ ಚಿಕ್ಕ ಗೊಬ್ಬರದ ಡಬ್ಬಿಯ ಪೂರ್ವೇತಿಹಾಸವನ್ನೂ ಅದು ಕೆಲಸಮಾಡುವ ಬಗೆಯನ್ನೂ ವಿವರಿಸುತ್ತ ಆ ಪ್ರಶ್ನೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಮ್ಮ ಗ್ರಾಮಗಳಲ್ಲಿ ಮನೆಯ ಕಸಕ್ಕೆ ನಿಶ್ಚಿತವಾದ ಸ್ಥಾನವಿತ್ತು. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ತರಕಾರಿಯ ಸಿಪ್ಪೆ, ಅಂಗಳದ ಕಸ ಇವೆಲ್ಲ ತಿಪ್ಪೆಯನ್ನು ಸೇರಿ, ಕಾಲ ಬಂದಾಗ ಬಂಡಿಯೇರಿ ಹೊಲಕ್ಕೆ ಹೋಗುತ್ತಿದ್ದುವು. ದೀಪಾವಳಿಯಲ್ಲಿ ತಿಪ್ಪೆಗೂ ದೀಪವಿಟ್ಟು ಪೂಜಿಸುವ ವಾಡಿಕೆಯನ್ನು ನೋಡಿದರೆ ರೈತನು ಅದನ್ನು ಸಂಪತ್ತೆಂದು ಎಣಿಸಿದ್ದನೆಂಬುದು ಸ್ಪಷ್ಟವಾಗುತ್ತದೆ. ಆದರೆ ಬಿಸಿಲು ಮಳೆಗಳಿಗೆ ತೆರೆದುಬಿದ್ದ ತಿಪ್ಪೆಯಲ್ಲಿ ಸತ್ತ್ವವು ಬಹುಮಟ್ಟಿಗೆ ಸೋರಿಹೋಗುತ್ತಿತ್ತೆಂಬುದೂ ನಿಜ.

ಈ ಕೊರತೆಯನ್ನು ಶಾಸ್ತ್ರೀಯ ಪ್ರಯೋಗಕ್ಕೆ ಒಳಪಡಿಸಿದವರಲ್ಲಿ ಆಲ್ಬರ್ಟ್ ಹೋವರ್ಡರು ಅಗ್ರಗಣ್ಯರು. 1905ರಲ್ಲಿ ಪೂಸಾದ ಕೃಷಿ ಸಂಶೋಧನ ಸಂಸ್ಥೆಗೆ ಸಸ್ಯಶಾಸ್ತ್ರಜ್ಞರಾಗಿ ಬಂದ ಅವರು ಭಾರತೀಯ ರೈತರನ್ನು ತಮ್ಮ ಗುರುಗಳ ಸಾಲಿನಲ್ಲಿ ಎಣಿಸಿದರು. ಚೀನದ ಬೇಸಾಯಗಾರರ ಪದ್ಧತಿಯಿಂದಲೂ ಪಾಠ ಕಲಿತರು. 1924ರಿಂದ 1931ರವರೆಗೆ ಇಂದೋರಿನಲ್ಲಿ ಅವರು ರೂಪಿಸಿದ ಕ್ರಮದಲ್ಲಿ ಸಸ್ಯದ ಕಸ, ಸಗಣಿ, ಗಂಜಲ ಹೀರಿದ ಮಣ್ಣು ಮತ್ತು ಬೂದಿಗಳನ್ನು ಪದರ ಪದರವಾಗಿ ಹಾಕಿ, ಗಾಳಿಯಾಡುವಂತೆ ಆಗಾಗ್ಗೆ ಮಗುಚಿ, ಸುಮಾರು 3 ತಿಂಗಳಲ್ಲಿ ಹುಡಿಯಾದ ಗೊಬ್ಬರವನ್ನು ಪಡೆಯುತ್ತಿದ್ದರು. ಯಶವಂತ ವಾಡ್ ಅವರೊಡನೆ ಬರೆದ ಗ್ರಂಥವು 1931ರಲ್ಲಿ ಪ್ರಕಟವಾದ ಮೇಲೆ 'ಇಂದೋರ್ ಕ್ರಮ' ಲೋಕವಿಖ್ಯಾತವಾಯಿತು.

ಇಂದೋರಿನ ಕ್ರಮ ಹೊಲದ ಕಸಕ್ಕೆ ಹೊಂದಿದುದು. ಪಟ್ಟಣದ ಕಸದ ಸಮಸ್ಯೆಗೆ ಉತ್ತರ ಬಂದುದು ನಮ್ಮ ಬೆಂಗಳೂರಿನಿಂದ. 1939ರಲ್ಲಿ ಸಿ. ಎನ್. ಆಚಾರ್ಯರು ನಿರೂಪಿಸಿದ 'ಬೆಂಗಳೂರು ಕ್ರಮ'ದಲ್ಲಿ ಬೀದಿಯ ಕಸವನ್ನೂ ಮಲವನ್ನೂ ಕಂದಕಗಳಲ್ಲಿ ಪದರವಾಗಿ ತುಂಬಿ ಮಣ್ಣಿನಿಂದ ಮುಚ್ಚಲಾಗುತ್ತಿತ್ತು. ಇಲ್ಲಿ ಮಗುಚುವ ಶ್ರಮವಿಲ್ಲ. ಮೊದಲ ಕೆಲವು ದಿನ ಗಾಳಿಯ ನೆರವಿನಿಂದ ಕಾವೇರಿದ ರಾಶಿ, ಆಮೇಲೆ ಗಾಳಿಯಿಲ್ಲದೆ ಮೆಲ್ಲಗೆ ಕಳಿತು 6ರಿಂದ 8 ತಿಂಗಳಲ್ಲಿ ಪಕ್ವವಾಗುತ್ತದೆ. ಕಸ ಮರಳಿ ಹೊಲಕ್ಕೆ ಸಲ್ಲಬೇಕೆಂಬುದೇ ಎರಡೂ ಕ್ರಮಗಳ ಸಮಾನ ತತ್ತ್ವ.

ಮನೆಯೊಳಗಣ ಡಬ್ಬಿಯು ಇಂದೋರ್ ಕ್ರಮದ ಕಿರಿಯ ರೂಪವೆನ್ನಬಹುದು. ಕಳಿಯುವಿಕೆಯೆಂದರೆ ಸೂಕ್ಷ್ಮಜೀವಿಗಳ ಆಹಾರಕ್ರಿಯೆ. ಅವುಗಳಿಗೆ ಶಕ್ತಿ ಇಂಗಾಲದಿಂದ, ಶರೀರದ ಬೆಳವಣಿಗೆ ಸಾರಜನಕದಿಂದ. ಪ್ರಾರಂಭದಲ್ಲಿ ಸಾರಜನಕದ ಒಂದು ಭಾಗಕ್ಕೆ ಇಂಗಾಲ 25ರಿಂದ 30 ಭಾಗ ಇರುವುದು ಹಿತಕರ. ತರಕಾರಿಯ ಸಿಪ್ಪೆ, ಕಾಫಿಯ ಚರಟಗಳಲ್ಲಿ ಸಾರಜನಕ ಹೆಚ್ಚು. ಒಣ ಎಲೆ, ತೆಂಗಿನ ನಾರಿನ ಪುಡಿ, ಹರಿದ ಕಾಗದಗಳಲ್ಲಿ ಇಂಗಾಲ ಹೆಚ್ಚು. ಆದುದರಿಂದ ಎರಡೂ ಬೆರೆಯಬೇಕು. ಹಿಂಡಿದ ಬಟ್ಟೆಯಷ್ಟು ತೇವವಿದ್ದರೆ ಸಾಕು.

ಆದರೆ ಒಂದು ಭೇದವನ್ನು ಮರೆಯಲಾಗದು. ಸುಮಾರು ಒಂದು ಘನ ಮೀಟರಿನ ರಾಶಿಯು ತನ್ನ ಕಾವನ್ನು ತಾನೇ ಹಿಡಿದಿಟ್ಟುಕೊಂಡು 55 ಡಿಗ್ರಿ ಸೆಂಟಿಗ್ರೇಡನ್ನು ಮೀರಬಲ್ಲುದು. ರೋಗಾಣುಗಳೂ ಕಳೆಯ ಬೀಜಗಳೂ ಆ ಕಾವಿಗೆ ನಾಶವಾಗುತ್ತವೆ. 20 ಲೀಟರಿನ ಡಬ್ಬಿಗೆ ಗಾತ್ರಕ್ಕಿಂತ ಮೈಯೇ ಹೆಚ್ಚಾದುದರಿಂದ ಕಾವು ಹೊರಗೆ ಹರಿದುಹೋಗುತ್ತದೆ. ಕಳಿಯುವುದು ಕೊಂಚ ನಿಧಾನ. ರೋಗಾಣುಗಳ ನಾಶವೂ ಅನಿಶ್ಚಿತ. ಮಾಂಸ, ಮೀನು, ಹಾಲಿನ ಪದಾರ್ಥ, ಎಣ್ಣೆಯ ತಿನಿಸುಗಳನ್ನು ಇದಕ್ಕೆ ಹಾಕಬಾರದೆಂಬ ನಿಯಮಕ್ಕೆ ಇದೂ ಒಂದು ಕಾರಣ, ದುರ್ವಾಸನೆ ಮತ್ತೊಂದು.

ವಿಧಾನವು ಸರಳವಾದುದು. ಡಬ್ಬಿಯ ಪಕ್ಕಗಳಲ್ಲಿಯೂ ತಳದಲ್ಲಿಯೂ ರಂಧ್ರಗಳಿರಬೇಕು; ಅಡಿಯಲ್ಲೊಂದು ತಟ್ಟೆಯನ್ನಿಡಬೇಕು. ತಳಕ್ಕೆ ಒಣ ಎಲೆಯನ್ನು ಹರಡಿ, ಹಳೆಯ ಗೊಬ್ಬರವನ್ನೋ ಸಗಣಿಯ ನೀರನ್ನೋ ಹೆಪ್ಪಿನಂತೆ ಸ್ವಲ್ಪ ಸೇರಿಸುವುದು ಲೇಸು. ದಿನದಿನದ ಸಿಪ್ಪೆಯನ್ನು ಹೆಚ್ಚಿ ಹಾಕಿ, ಪ್ರತಿ ಸಲವೂ ಒಣ ವಸ್ತುವಿನಿಂದ ಮುಚ್ಚಬೇಕು. ಮೂರು ನಾಲ್ಕು ದಿನಗಳಿಗೊಮ್ಮೆ ಕೆದಕಬೇಕು. ಡಬ್ಬಿ ತುಂಬಿದೊಡನೆ ಎರಡನೆಯದನ್ನು ಆರಂಭಿಸಿ ಮೊದಲಿನದನ್ನು ಎರಡು ಮೂರು ತಿಂಗಳು ಬಿಟ್ಟರೆ ಮಣ್ಣಿನ ಕಂಪುಳ್ಳ ಕಪ್ಪು ಗೊಬ್ಬರ ದೊರೆಯುತ್ತದೆ. ನಾತ ಬಂದರೆ ಗಾಳಿ ಸಾಲದೆಂದೋ ನೀರು ಹೆಚ್ಚಾಯಿತೆಂದೋ ತಿಳಿದು ಒಣ ಎಲೆ ಸೇರಿಸಬೇಕು. ಸಣ್ಣ ನೊಣಗಳು ಕಂಡರೆ ಮುಚ್ಚಿಗೆಯನ್ನು ದಪ್ಪಮಾಡಬೇಕು. ಬಿಳಿಯ ಬೂಷ್ಟು ದೋಷವಲ್ಲ, ಕೆಲಸ ನಡೆದಿದೆಯೆಂಬುದರ ಕುರುಹು.

ಇಷ್ಟು ಅಲ್ಪವಾದ ಕಾರ್ಯಕ್ಕೆ ಇಷ್ಟು ವಿವರಣೆ ಏಕೆಂದು ವಾಚಕರು ಕೇಳಬಹುದು. ನಮ್ಮ ನಗರಗಳ ಮನೆಗಳ ಕಸದಲ್ಲಿ ಸುಮಾರು ಅರ್ಧಭಾಗ ಕಳಿಯುವಂತಹುದೇ. ಆಚಾರ್ಯರ ಕಾಲದ ಕಸದಲ್ಲಿ ಪ್ಲಾಸ್ಟಿಕ್ ಇರಲಿಲ್ಲವೆಂದೇ ಹೇಳಬಹುದು; ಇಂದು ಬೆರೆತ ಕಸವು ಗೊಬ್ಬರಕ್ಕೂ ಒದಗದೆ, ರಾಶಿಯ ಒಡಲಲ್ಲಿ ಮಿಥೇನ್ ಅನಿಲವನ್ನೂ ವಿಷದ ಒಸರನ್ನೂ ಹುಟ್ಟಿಸುತ್ತದೆ. ಬೆಂಗಳೂರು ತನ್ನ ಕಸವನ್ನು ಹೊರವಲಯದ ಮಾವಳ್ಳಿಪುರ, ಮಂಡೂರುಗಳ ಬಾಗಿಲಿಗೆ ಸುರಿಯಿತು. ಮಾವಳ್ಳಿಪುರದ ರಾಶಿಗೆ 2012ರಲ್ಲಿ ತಡೆ ಬಿದ್ದಿತು. ಗ್ರಾಮಸ್ಥರ ಹೋರಾಟದ ತರುವಾಯ 2014ರ ಕೊನೆಯಲ್ಲಿ ಮಂಡೂರಿಗೆ ಕಸ ಹೋಗುವುದೂ ನಿಂತಿತು. ಮೂಲದಲ್ಲಿಯೇ ಕಸವನ್ನು ಬೇರ್ಪಡಿಸುವುದು ಪ್ರತಿ ಮನೆಯ ಹೊಣೆಯೆಂದು 2016ರ ಕೇಂದ್ರ ನಿಯಮಗಳು ವಿಧಿಸಿದುವು. ಆ ಹೊಣೆಯನ್ನು ಮನೆಯವರು ಹೊರದಿದ್ದಾಗ ಅದು ಪೌರಕಾರ್ಮಿಕರ ಕೈಗೆ ಬಿತ್ತು; ಮನೆಯೊಡತಿಯ ಕೈಗೆ ಹೇಸಿಕೆಯೆನಿಸದ ಸಿಪ್ಪೆ, ಎರಡು ದಿನ ಕೊಳೆತು ಅವರ ಕೈಗೆ ಬರುವಾಗ ಹೇಸಿಕೆಯಾಗಿರುತ್ತದೆ.

ಡಬ್ಬಿಯೊಂದೇ ನಗರದ ಕಸವನ್ನೆಲ್ಲ ಪರಿಹರಿಸೀತೆಂದು ನಾವು ಹೇಳುತ್ತಿಲ್ಲ. ಸಾರ್ವಜನಿಕ ವ್ಯವಸ್ಥೆಯ ಅಗತ್ಯ ಇದರಿಂದ ತಪ್ಪುವುದಿಲ್ಲ. ಆದರೆ ತಿಪ್ಪೆಯು ಮನೆಯಿಂದ ದೂರವಾದಷ್ಟೂ ಅದರ ಭಾರವು ದುರ್ಬಲರ ಮೇಲೆ ಬಿದ್ದಿತೆಂಬುದು ಈ ಚರಿತ್ರೆಯಿಂದ ತಿಳಿಯುವ ಸಂಗತಿ. ಹಸಿ ಸಿಪ್ಪೆಯನ್ನು ಅದು ಹುಟ್ಟಿದ ಮನೆಯಲ್ಲಿಯೇ ಉಳಿಸಿಕೊಳ್ಳುವ ಡಬ್ಬಿಯು ಆ ಭಾರದ ಒಂದು ಪಾಲನ್ನಾದರೂ ಅದರ ನಿಜವಾದ ಒಡೆಯರಿಗೆ ಹಿಂದಿರುಗಿಸುತ್ತದೆ. ನಮ್ಮ ಪುರಸಭೆಗಳು ತಮ್ಮ ಕಸವನ್ನು ಎಲ್ಲಿಗೆ ಕಳುಹಿಸುತ್ತ ಬಂದವೆಂಬುದನ್ನು ಹಳೆಯ ದಾಖಲೆಗಳಲ್ಲಿ ಶೋಧಿಸುವ ಕಾರ್ಯವನ್ನು ವಿದ್ಯಾರ್ಥಿಗಳು ಕೈಗೊಂಡರೆ ಈ ವಿಷಯಕ್ಕೆ ಇನ್ನಷ್ಟು ಬೆಳಕು ದೊರೆಯುವುದು.