ಸೊಂಟ ಪೆಟ್ಟಾದವನಿಗೆ ‘ಹಗುರ ಕೆಲಸ’ ಎಲ್ಲಿದೆ?

ಅಂಬಲಪಾಡಿ: ಬೆಳಗ್ಗೆ ಇಲ್ಲಿನ ಜಂಕ್ಷನ್‌ನಲ್ಲಿ ಬಸ್ಸಿನಿಂದ ಇಳಿಯುವ ಕೂಲಿಯಾಳುಗಳಿಗೆ ಮೈಯೇ ಬಂಡವಾಳ. ಗಾರೆಯವ, ಮೂಟೆ ಹೊರುವವ, ಲಾರಿ ಚಾಲಕ - ಯಾರೇ ಬಿದ್ದರೂ ಮೊದಲು ಆಸ್ಪತ್ರೆ, ಆಮೇಲೆ ರಾಜಿ ಮಾತು. “ಆದದ್ದು ಆಯಿತು ಮಾರಾಯಾ, ಇಷ್ಟು ಕೊಡ್ತೇನೆ, ಒಂದು ಸಹಿ ಹಾಕು” ಎನ್ನುತ್ತಾರೆ ಧಣಿ. “ಧಣಿಗಳ ಹತ್ತಿರ ಎಂತ ಚೌಕಾಸಿ?” ಎಂದು ಆಳು ಸಹಿ ಹಾಕುತ್ತಾನೆ. ಆದರೆ ಆ ಸಹಿಗೆ ಮುಂಚೆ ಇಬ್ಬರೂ ಓದಬೇಕಾದ ಚೀಟಿ ಒಂದಿದೆ: ‘ಭಾರ ಎತ್ತಬಾರದು, ಏಣಿ ಹತ್ತಬಾರದು, ಹೆಚ್ಚು ಹೊತ್ತು ನಿಲ್ಲಬಾರದು’ ಎಂದು ವೈದ್ಯರು ಬರೆದುಕೊಟ್ಟದ್ದು.

ಶೇಕಡಾವಾರು ಎಂಬ ಗುಟ್ಟು

ಪರಿಹಾರದ ಲೆಕ್ಕ ನಿಲ್ಲುವುದು ಶೇಕಡಾವಾರಿನ ಮೇಲೆ. ಹೆಬ್ಬೆರಳು ಹೋದರೆ 30 ಎಂದು ಕಾನೂನಿನ ಪಟ್ಟಿಯಲ್ಲೇ ಇದೆ. ಸೊಂಟದ ಪೆಟ್ಟು, ಕಾಲಿನ ಮೂಳೆ ಮುರಿತದಂಥವು ಪಟ್ಟಿಯಲ್ಲಿಲ್ಲ. ಅಂಥ ಕಡೆ ದುಡಿಯುವ ಶಕ್ತಿ ಎಷ್ಟು ಹೋಯಿತು ಎಂದು ವೈದ್ಯರು ಅಂದಾಜು ಮಾಡಬೇಕು. ಕಾಲು ಎಷ್ಟು ಊನವಾಯಿತು ಎಂಬುದು ಬೇರೆ, ಆ ಕಾಲಿನಿಂದ ಇನ್ನು ಎಷ್ಟು ದುಡಿಯಬಹುದು ಎಂಬುದು ಬೇರೆ.

ಸುಪ್ರೀಂ ಕೋರ್ಟು 1975ರಲ್ಲೇ ಇದನ್ನು ಹೇಳಿತ್ತು. ಸಿನಿಮಾ ಮಂದಿರದ ಕೆಲಸದಲ್ಲಿ ಬಿದ್ದು ಎಡಗೈ ಕಳೆದುಕೊಂಡ ಬಡಗಿಯದು ಆ ಪ್ರಕರಣ. ಒಂದೇ ಕೈಯಲ್ಲಿ ಬಡಗಿ ಕೆಲಸ ಸಾಗದು, ಆದ್ದರಿಂದ ನಷ್ಟ ನೂರಕ್ಕೆ ನೂರು ಎಂದು ತೀರ್ಪಾಯಿತು. 2008ರಲ್ಲಿ, ಬಲಗಾಲು ಕಳೆದುಕೊಂಡ ಟ್ಯಾಂಕರ್ ಚಾಲಕನ ಪ್ರಕರಣದಲ್ಲೂ ಅದೇ ನ್ಯಾಯ. ಆತ ಇನ್ನು ಟ್ಯಾಂಕರ್ ಓಡಿಸಲು ಸಾಧ್ಯವೇ ಎಂಬುದೇ ಅಲ್ಲಿ ಮುಖ್ಯವಾಯಿತು.

ಲಕ್ಷಗಳ ವ್ಯತ್ಯಾಸ

40 ವರ್ಷದ ಮೂಟೆಯಾಳು, ತಿಂಗಳಿಗೆ 15,000 ರೂ. ದುಡಿಮೆ ಎಂದಿಟ್ಟುಕೊಳ್ಳಿ. ಪೂರ್ಣ ಶಾಶ್ವತ ಊನಕ್ಕೆ ಸಂಬಳದ ಶೇ. 60, ಅಂದರೆ 9,000 ರೂ. ಅದನ್ನು ಆ ವಯಸ್ಸಿನ ಗುಣಕ 184.17ರಿಂದ ಗುಣಿಸಿದರೆ 16,57,530 ರೂ. ನಷ್ಟ ಶೇ. 20 ಎಂದರೆ ಸಿಗುವುದು 3,31,506. ಶೇ. 60 ಎಂದರೆ 9,94,518. ಮೂಟೆ ಹೊರಬಾರದು ಎಂಬ ಒಂದು ಸಾಲನ್ನು ಲೆಕ್ಕಕ್ಕೆ ಹಿಡಿಯುವುದೋ ಬಿಡುವುದೋ ಎಂಬುದರಲ್ಲಿ ಇಷ್ಟು ದೊಡ್ಡ ಅಂತರ!

“ಹಗುರ ಕೆಲಸ ಮಾಡಬಹುದಲ್ಲ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಮಾಡಬಹುದು, ಸರಿ. ಆದರೆ ಕೊಡುವವರು ಯಾರು? ಸಂಬಳ ಎಷ್ಟು? ಅಂಗಡಿಯಲ್ಲಿ ಕೂತು ಲೆಕ್ಕ ಬರೆಯುವ ಕೆಲಸ ಕೊಡುವುದಾದರೆ ಧಣಿ ಅದನ್ನು ಕಾಗದದಲ್ಲಿ ಬರೆದುಕೊಡಲಿ. ಓದು ಬಾರದವನಿಗೆ ಆ ಕೆಲಸ ತೋರಿಸಿ ಪರಿಹಾರ ಇಳಿಸುವುದು ನ್ಯಾಯವಲ್ಲ. ಹಾಗೆಯೇ ಗುಣವಾಗಿ ಹಿಂದಿನಂತೆ ದುಡಿಯುವವನು ನೂರು ಶೇಕಡ ಕೇಳುವುದೂ ಸರಿಯಲ್ಲ.

ಅವಸರ ಬೇಡ

ಗಾಯ ಮಾಯುವ ಮುಂಚೆ ರಾಜಿ ಮಾಡಿದರೆ ಮುಂದಿನ ತೊಂದರೆ ಲೆಕ್ಕಕ್ಕೆ ಸಿಗುವುದಿಲ್ಲ. ಧಣಿ ಕೊಟ್ಟ ಆಸ್ಪತ್ರೆ ಖರ್ಚನ್ನು ಪರಿಹಾರದಲ್ಲಿ ಕಳೆಯುವಂತಿಲ್ಲ. ರಾಜಿಯ ಒಪ್ಪಂದ ಅಧಿಕಾರಿಯ ಮುಂದೆ ನೋಂದಣಿಯಾಗಬೇಕು. ಮೊತ್ತ ತೀರಾ ಕಡಿಮೆಯಾದರೆ ಅವರು ನೋಂದಣಿ ನಿರಾಕರಿಸಬಹುದು. 1923ರ ಕಾಯ್ದೆಯ ಈ ಏರ್ಪಾಡು 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ. ಇ.ಎಸ್.ಐ. ಇದ್ದವರ ದಾರಿ ಮಾತ್ರ ಬೇರೆ.

ನೋಂದಣಿಯಿಂದ ಅಂಗಡಿಯವರಿಗೂ ಲಾಭವೇ. ಚಾ ಅಂಗಡಿ ಮೇಜಿನ ಮೇಲೆ ಬರೆದ ಚೀಟಿ ನಾಳೆ ಧಣಿಯನ್ನೂ ಕಾಯುವುದಿಲ್ಲ, ಆಳನ್ನೂ ಕಾಯುವುದಿಲ್ಲ. ವೈದ್ಯರ ಬಳಿ “ನಾನು ಮೂಟೆ ಹೊರುವವ, ಇಷ್ಟು ಭಾರ ಎತ್ತುತ್ತಿದ್ದೆ” ಎಂದು ಬಾಯಿಬಿಟ್ಟು ಹೇಳಿ, ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು ಪೆಟ್ಟು ತಿಂದವನ ಮೊದಲ ಕೆಲಸ.